ಕನಜಾವಾ ಮ್ಯೂಸಿಯಂನ ಈಜುಕೊಳಕ್ಕೆ ಬಟ್ಟೆ ಒದ್ದೆ ಆಗದ ಹಾಗೆ ಇಳಿಯೋದು ಹೇಗೆ

ಜಪಾನ್ ಟ್ರಿಪ್ ಅಂದ್ರೆ ನಮ್ಮೋರು ಟೋಕಿಯೋ, ಕ್ಯೋಟೋ, ಒಸಾಕಾ ಮುಗಿಸಿ ವಾಪಸ್ ಫ್ಲೈಟ್ ಹತ್ತಿಬಿಡ್ತಾರೆ. ಒಂದು ದಿನ ಜಾಸ್ತಿ ಸಿಕ್ಕಿದ್ರೆ, ಅದ್ರಲ್ಲೂ ಜೊತೆಗೆ ಮಕ್ಕಳೋ ವಯಸ್ಸಾದ ಅಪ್ಪ ಅಮ್ಮನೋ ಇದ್ರೆ, ಕನಜಾವಾಗೆ ಹೋಗಿ. ಟೋಕಿಯೋದಿಂದ ಹೊಕುರಿಕು ಶಿಂಕಾನ್ಸೆನ್ ಅನ್ನೋ ಬುಲೆಟ್ ಟ್ರೇನ್‌ನಲ್ಲಿ ಎರಡೂವರೆ ಮೂರು ಗಂಟೆ ಅಷ್ಟೇ. ಅಲ್ಲಿ ಕೆನ್ರೊಕುಯೆನ್ ತೋಟದ ಪಕ್ಕದಲ್ಲೇ 21ನೇ ಶತಮಾನದ ಸಮಕಾಲೀನ ಕಲಾ ಮ್ಯೂಸಿಯಂ ಅಂತ ಇದೆ, 2004ರಲ್ಲಿ ಶುರುವಾಗಿದ್ದು. ಮಾಡರ್ನ್ ಆರ್ಟ್ ನಮಗೆ ತಲೆಬುಡ ಅರ್ಥ ಆಗಲ್ಲಪ್ಪ ಅನ್ನೋರನ್ನೇ ಎಳ್ಕೊಂಡು ಹೋಗ್ಬೇಕಾದ ಜಾಗ ಇದು.

ಮೊದಲು ದಿನ ನೋಡ್ಕೊಳ್ಳಿ. ಸೋಮವಾರ ಎಕ್ಸಿಬಿಷನ್ ರಜ, ಸೋಮವಾರವೇ ಸರ್ಕಾರಿ ರಜ ಬಿದ್ರೆ ಅವತ್ತು ತೆಗೆದು ಮಾರನೇ ದಿನ ಮುಚ್ತಾರೆ. ಹಿಂದಿನ ರಾತ್ರಿ ಅವರ ವೆಬ್‌ಸೈಟ್ ಒಂದ್ಸಲ ತೆಗೆದು ನೋಡಿ, ಇದನ್ನ ಸುಮ್ನೆ ಹೇಳ್ತಿಲ್ಲ, 2024ರ ಜನವರಿ 1ಕ್ಕೆ ನೋಟೋ ಭೂಕಂಪ ಆದಾಗ ಗ್ಯಾಲರಿಗಳ ಗಾಜಿನ ಸೀಲಿಂಗ್‌ಗೆ ಏಟು ಬಿದ್ದು ಟಿಕೆಟ್ ಇರೋ ಭಾಗ ಜೂನ್‌ವರೆಗೂ ಬಂದ್ ಆಗಿತ್ತು. ಆಮೇಲೆ ಮಳೆ. ಆ ಊರಲ್ಲಿ ಒಂದು ಗಾದೆನೇ ಇದೆ, ಬುತ್ತಿ ಮರೆತ್ರೂ ಛತ್ರಿ ಮರೀಬೇಡ ಅಂತ. ಇಲ್ಲಿ ಮುಖ್ಯವಾಗಿ ನೋಡ್ಬೇಕಾದ್ದು ಒಂದು ಈಜುಕೊಳ, ಮೇಲೆ ನಿಂತೂ ನೋಡ್ಬಹುದು, ಕೆಳಗಿಳಿದೂ ನೋಡ್ಬಹುದು. ಮಳೆ ಬಂದ್ರೆ ಕೊಳದ ಮೇಲ್ಭಾಗಕ್ಕೆ ಬಿಡಲ್ಲ, ಅಲ್ಲಿಗೆ ಅರ್ಧ ಮಜಾ ಹೋಯ್ತು. ನಾನು ಮೊದಲನೇ ಸಲ ಫೋರ್ಕಾಸ್ಟ್ ನೋಡದೆ ಹೋಗಿ ಕೆಳಗಡೆ ನಿಂತು ಖಾಲಿ ನೀರು ನೋಡ್ಕೊಂಡು ಬಂದೆ, ತಪ್ಪು ನಂದೇ.

ಮ್ಯೂಸಿಯಂ ಬಿಲ್ಡಿಂಗ್ ಗುಂಡಗಿದೆ, ಸುಮಾರು 113 ಮೀಟರ್ ಅಗಲ, ಸುತ್ತಲೂ ಗಾಜು, ಹಿಂದೆ ಮುಂದೆ ಅಂತ ಇಲ್ಲ, ಯಾವ ಕಡೆಯಿಂದ ಬೇಕಾದ್ರೂ ಒಳಗೆ ಹೋಗ್ಬಹುದು. ಕಟ್ಟಿದ್ದು ಸಾನಾ ಅನ್ನೋ ಆರ್ಕಿಟೆಕ್ಟ್ ಜೋಡಿ, ಸೆಜಿಮಾ ಮತ್ತೆ ನಿಶಿಜಾವಾ. ಎರಡು ಭಾಗ ಇದೆ, ಹೊರಗಡೆ ಸುತ್ತು ಫ್ರೀ, ಬೆಳಿಗ್ಗೆ 9ರಿಂದ ರಾತ್ರಿ 10ರವರೆಗೆ. ನಡುವಿನ ಗ್ಯಾಲರಿಗಳಿಗೆ ಟಿಕೆಟ್, 10ರಿಂದ 6, ಶುಕ್ರವಾರ ಶನಿವಾರ 8ರವರೆಗೆ.

ಒಳಗೆ ಹೋದ ತಕ್ಷಣ ಟಿಕೆಟ್ ತಗೊಂಡು ಫೋನಲ್ಲಿ ಕೊಳದ ಕೆಳಭಾಗದ ಸರದಿಗೆ ಹೆಸರು ಹಾಕಿ, ಬೇರೆ ಎಲ್ಲಾ ಆಮೇಲೆ. ರಜ ದಿನಗಳಲ್ಲಿ ಮಧ್ಯಾಹ್ನ ಹೋಗಿ ಕೇಳಿದ್ರೆ ಕಷ್ಟ.

ಈಗ ಕೊಳದ ವಿಷಯ. ಅರ್ಜೆಂಟೀನಾದ ಲಿಯಾಂಡ್ರೋ ಎರ್ಲಿಚ್ ಮಾಡಿದ್ದು. ಅಂಗಳದ ಮಧ್ಯ ಒಂದು ಮಾಮೂಲಿ ಸ್ವಿಮ್ಮಿಂಗ್ ಪೂಲ್, ಇಳಿಯೋಕೆ ಏಣಿ, ಸುತ್ತ ಕಲ್ಲಿನ ಕಟ್ಟೆ. ಬಗ್ಗಿ ನೋಡಿದ್ರೆ ತಳದಲ್ಲಿ ಜನ ಬಟ್ಟೆ ಬರೆ ಹಾಕ್ಕೊಂಡು ಓಡಾಡ್ತಿರ್ತಾರೆ. ಗುಟ್ಟು ಇಷ್ಟೇ, ದಪ್ಪ ಗಾಜಿನ ಮೇಲೆ ಬರೀ 10 ಸೆಂಟಿಮೀಟರ್ ನೀರು ನಿಲ್ಸಿದ್ದಾರೆ, ಕೆಳಗೆ ತಿಳಿ ನೀಲಿ ಬಣ್ಣ ಬಳಿದ ಒಣ ರೂಮು. ಈ ಗುಟ್ಟನ್ನ ಜೊತೆಗೆ ಬಂದೋರಿಗೆ ಮಾತ್ರ ಮೊದಲೇ ಹೇಳ್ಬೇಡಿ. ಇನ್ನೊಂದು ಮುಖ್ಯವಾದ್ದು, ಎಲ್ರೂ ಒಟ್ಟಿಗೆ ಕೆಳಗೆ ಇಳೀಬೇಡಿ, ಎರಡು ಗುಂಪಾಗಿ. ಈ ಕೊಳ ನಡೆಯೋದೇ ಎರಡೂ ಕಡೆ ಜನ ಇದ್ರೆ, ಅದೂ ಗುರುತಿನೋರು ಇದ್ರೆ.

ಎರಡನೇ ಸಲ ಅಪ್ಪ ಅಮ್ಮನ್ನ ಕರ್ಕೊಂಡು ಹೋದಾಗ ಹಾಗೇ ಮಾಡಿದ್ದು. ಅಮ್ಮ ಮೇಲೆ ಕಟ್ಟೆ ಹತ್ರ, ಅಪ್ಪ ನಾನು ಕೆಳಗೆ. ಅಪ್ಪ ಸ್ವೆಟರ್ ಹಾಕ್ಕೊಂಡು ನೀಲಿ ಬೆಳಕಲ್ಲಿ ಕತ್ತೆತ್ತಿ ಕೈ ಬೀಸಿದ್ರು, ಗಾಳಿಗೆ ನೀರು ಅಲುಗಾಡಿದಾಗೆಲ್ಲ ಗೋಡೆ ಮೇಲೆ ಬೆಳಕಿನ ಬಲೆ ಓಡಾಡ್ತಿತ್ತು, ಮೇಲೆ ಅಮ್ಮನ ಮುಖ ಉದ್ದ ಆಗಿ ಗಿಡ್ಡ ಆಗಿ ಏನೋ ಜೋರಾಗಿ ಹೇಳ್ತಿರೋದು ಕಾಣ್ಸುತ್ತೆ, ಒಂದಕ್ಷರ ಕೇಳ್ಸಲ್ಲ. ಮೇಲೆ ಬಂದ್ಮೇಲೆ ಗೊತ್ತಾಯ್ತು, "ರೀ, ಶೀತ ಆಗುತ್ತೆ, ಬನ್ನಿ ಮೇಲೆ" ಅಂತಿದ್ರಂತೆ.

ಸರದಿ ಬರೋವರೆಗೆ ಬೇರೆ ರೂಮು ನೋಡಿ. ನಮ್ಮ ಮುಂಬೈಲಿ ಹುಟ್ಟಿದ ಅನೀಶ್ ಕಪೂರ್ ಅವರದ್ದೊಂದಿದೆ, ವಾಲಿರೋ ಸಿಮೆಂಟ್ ಗೋಡೆಯಲ್ಲಿ ದೊಡ್ಡ ಮೊಟ್ಟೆಯಾಕಾರದ ಕಪ್ಪು. ಹೊಂಡವೋ, ಉಬ್ಬೋ, ಬರೀ ಬಳಿದ ಬಣ್ಣವೋ ಹೇಳೋಕಾಗಲ್ಲ. ಒಂದೇ ಕಡೆ ನಿಲ್ಬೇಡಿ, ಆ ಮೂಲೆಯಿಂದ ಈ ಮೂಲೆಗೆ ನಡೀತಾ ನೋಡಿ, ಹತ್ರ ಹೋಗಿ ಕೈ ಹಾಕೋ ಆಸೆ ಬರುತ್ತೆ, ಹಾಕ್ಬೇಡಿ. ಫೋಟೋಗೆ ಒಂದೊಂದು ರೂಮಿಗೆ ಒಂದೊಂದು ರೂಲ್ಸು, ಬಾಗಿಲ ಹತ್ರ ಬೋರ್ಡ್ ನೋಡ್ಕೊಂಡೇ ಕ್ಯಾಮೆರಾ ತೆಗೀರಿ.

ಫ್ರೀ ಭಾಗದಲ್ಲಿ ಜೇಮ್ಸ್ ಟರೆಲ್ ಅವರ ರೂಮ್ ಇದೆ, ನಾಲ್ಕು ಕಡೆ ಕೂರೋಕೆ ಕಟ್ಟೆ, ಮೇಲೆ ಸೂರಲ್ಲಿ ಚೌಕಾಕಾರವಾಗಿ ಕೊಯ್ದು ಆಕಾಶಕ್ಕೆ ಬಿಟ್ಟಿದ್ದಾರೆ. ಅಂಚು ಎಷ್ಟು ತೆಳು ಅಂದ್ರೆ ಆಕಾಶವನ್ನೇ ಕತ್ತರಿಸಿ ಸೀಲಿಂಗ್‌ಗೆ ಅಂಟಿಸಿದ ಹಾಗೆ ಕಾಣುತ್ತೆ. ಅಮ್ಮ ಕೂತ್ಕೊಂಡ ತಕ್ಷಣ ಹೇಳಿದ್ದು, "ಇದು ನಮ್ಮಜ್ಜಿ ಮನೆ ತೊಟ್ಟಿ ಕಣೋ, ಇದಕ್ಕೆ ಇಷ್ಟು ದೂರ ಬರ್ಬೇಕಿತ್ತಾ?" ಆದ್ರೆ ಅರ್ಧ ಗಂಟೆ ಎದ್ದಿಲ್ಲ. ಬೇಗ ಬೇಗ ನೋಡಿ ಹೋದ್ರೆ ಇಲ್ಲಿ ಏನೂ ಇಲ್ಲ, ಒಂದು ಮೋಡ ಆ ಕಡೆಯಿಂದ ಈ ಕಡೆಗೆ ದಾಟೋವರೆಗಾದ್ರೂ ಕೂರಿ.

ಮಕ್ಕಳು ಒಳಗೆ ಚಡಪಡಿಸೋಕೆ ಶುರು ಮಾಡಿದ್ರೆ ಹುಲ್ಲುಹಾಸಿಗೆ ಬಿಡಿ. ಅಲ್ಲಿ ಫ್ಲೋರಿಯಾನ್ ಕ್ಲಾರ್ ಅವರ ಕೊಳವೆಗಳು ನೆಲದಿಂದ ಎದ್ದು ನಿಂತಿವೆ, 12 ಇವೆ, ತುತ್ತೂರಿ ಬಾಯಿ ಥರ. ಎರಡೆರಡು ನೆಲದಡಿ ಜೋಡಿ, ಒಂದ್ರಲ್ಲಿ ಮಾತಾಡಿದ್ರೆ ಇನ್ನೊಂದ್ರಲ್ಲಿ ಕೇಳುತ್ತೆ. ಆದ್ರೆ ಪಕ್ಕದ್ದಕ್ಕೆ ಜೋಡಿ ಮಾಡಿಲ್ಲ, ಯಾವುದಕ್ಕೆ ಯಾವುದು ಅಂತ ನೀವೇ ಹುಡುಕ್ಬೇಕು, ಅದೇ ಆಟ. ನಾನು ಒಂದ್ರಲ್ಲಿ "ಅಪ್ಪಾ, ಊಟಕ್ಕೆ ಏನ್ ಮಾಡೋಣ" ಅಂತ ಕೂಗಿದ್ರೆ ಆ ಕಡೆಯಿಂದ ಯಾವುದೋ ಜಪಾನಿ ಮಗು ಕಿಸಕ್ ಅಂತ ನಕ್ತು.

ಊಟ ಅಂದ್ರೆ ನೆನಪಾಯ್ತು, ವೆಜಿಟೇರಿಯನ್ ಆದ್ರೆ ಸುತ್ತಮುತ್ತ ಹುಡುಕ್ತಾ ಟೈಮ್ ಹಾಳು ಮಾಡ್ಬೇಡಿ, ಈ ಊರಲ್ಲಿ ಮೀನೇ ರಾಜ, ಸಾರಿಗೂ ಮೀನಿನ ರಸಾನೇ ಹಾಕ್ತಾರೆ. ಚಪಾತಿ ಪುಳಿಯೋಗರೆ ಏನಾದ್ರೂ ಕಟ್ಕೊಂಡು ಹೋಗಿ, ಗ್ಯಾಲರಿ ಒಳಗೆ ತಿನ್ನಂಗಿಲ್ಲ, ಕೆನ್ರೊಕುಯೆನ್ ಕಡೆ ಹೋಗಿ ಬೆಂಚ್ ಹಿಡೀರಿ. ಬ್ಯಾಗು ಲಾಕರಲ್ಲಿಡೋಕೆ 100 ಯೆನ್ ನಾಣ್ಯ ಜೇಬಲ್ಲಿರ್ಲಿ.

ಹೊರಡೋ ಮುಂಚೆ ಸೂರಿನ ಮೇಲೆ ನೋಡಿ, ಬಂಗಾರದ ಬಣ್ಣದ ಮನುಷ್ಯನೊಬ್ಬ ಎರಡೂ ಕೈಯಲ್ಲಿ ಸ್ಕೇಲ್ ಎತ್ತಿ ಹಿಡ್ಕೊಂಡು ಮೋಡ ಅಳೀತಿರ್ತಾನೆ, ಯಾನ್ ಫಾಬ್ರ್ ಅವರದ್ದು, ಒಳಗೇ ತಿರುಗ್ತಾ ಇದ್ದೋರು ಎಷ್ಟೋ ಜನ ಇವನನ್ನ ನೋಡೋದೇ ಇಲ್ಲ. ರಾತ್ರಿ ಅಲ್ಲೇ ಉಳ್ಕೊಂಡ್ರೆ ಕತ್ತಲಾದ್ಮೇಲೆ ಇನ್ನೊಂದು ರೌಂಡ್ ಬನ್ನಿ. ಹೊರಗೆ ಒಲಾಫರ್ ಎಲಿಯಾಸನ್ ಅವರ ಬಣ್ಣದ ಗಾಜಿನ ಗೋಡೆಗಳಿವೆ, ನೀಲಿ, ಗುಲಾಬಿ, ಹಳದಿ. ಹಗಲಲ್ಲಿ ಜನ ಅದ್ರೊಳಗೆ ಓಡಾಡಿ ಬಣ್ಣ ಬೆರೆಸ್ತಾರೆ, ಸಂಜೆಗೆ ನಡುವೆ ದೀಪ ಹತ್ತುತ್ತೆ, ಟಿಕೆಟ್ ಬೇಡ, ಕ್ಯೂನೂ ಇರಲ್ಲ.