ಎರಡು ಎಂಜಿನ್ ಬಿಟ್ಟು ಒಂದೂವರೆ ಎಂಜಿನ್‌ಗೆ ಬಂದ ಕಥೆ

ನಮ್ಮದು 28 ಅಡಿಯ ಫೈಬರ್ ನಾಡದೋಣಿ. ಗಂಗೊಳ್ಳಿಯಲ್ಲಿ ನದಿ ಸಮುದ್ರ ಸೇರುವ ಅಳಿವೆ ದಾಟಿ ಕಂತುಬಲೆ (ಮೀನು ಕಣ್ಣಿಗೆ ಸಿಕ್ಕಿಬೀಳುವ ಬಲೆ) ಬಿಡುವವರು ನಾವು ಮೂವರು. ಐದಾರು ವರ್ಷ ದೋಣಿಯ ಹಿಂಬದಿಗೆ ನೇತುಹಾಕುವ ಎರಡು 8 ಎಚ್‌ಪಿ ಎಂಜಿನ್ ಜೋಡಿಯಾಗಿಟ್ಟೇ ಓಡಿಸಿದೆ. ಈಗ ಒಂದು 9.9, ಅದರ ಪಕ್ಕ 5 ಎಚ್‌ಪಿಯ ಸಣ್ಣದೊಂದು. ಬದಲಾಯಿಸುವಾಗ ದೋಣಿ ಕಟ್ಟುವ ದಕ್ಕೆಯಲ್ಲಿ ನಕ್ಕವರೇ ಜಾಸ್ತಿ. "ಒಂದ್ ಎತ್ತ್, ಒಂದ್ ಕರು ಕಟ್ಟಿರೆ ಗಾಡಿ ಹೋತ್ತಾ ಮಾರಾಯ?" ಅಂತ ನಮ್ಮ ಭಾವ ಎಲ್ಲರೆದುರೇ ಕೇಳಿದ್ದರು. ಮೂರು ವರ್ಷವಾಯಿತು, ಗಾಡಿ ಹೋಗುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಜೋಡಿ ಎಂಜಿನ್ ಮೇಲಿನ ನಂಬಿಕೆ ಹೋದದ್ದು ಒಂದೇ ಬೆಳಿಗ್ಗೆ. 12 ಮಾರು ನೀರಿನಲ್ಲಿ ಬಲೆ ಎತ್ತಿ ವಾಪಸ್ ಹೊರಟಿದ್ದೆವು. ಬಲಗಡೆಯದು ಎರಡು ಸಲ ಕೆಮ್ಮಿ ನಿಂತಿತು. ಇನ್ನೊಂದಿದೆಯಲ್ಲ ಅಂದುಕೊಳ್ಳುವಷ್ಟರಲ್ಲಿ ಅದೂ ನಿಂತಿತು. ಎರಡಕ್ಕೂ ಒಂದೇ ಕ್ಯಾನಿನಿಂದ ಪೈಪ್ ಕೊಟ್ಟಿದ್ದೆ, ಸೀಮೆಎಣ್ಣೆಗೆ ನೀರು ಸೇರಿತ್ತು. ನೀರಿನ ಬಾಟಲಿಗೆ ಸ್ವಲ್ಪ ಬಗ್ಗಿಸಿ ಬಿಸಿಲಿಗೆ ಹಿಡಿದರೆ ತಳದಲ್ಲಿ ಸಾಬಕ್ಕಿ ಕಾಳಿನ ಹಾಗೆ ಉರುಳಾಡುತ್ತಿತ್ತು. ಬೇರೆ ದೋಣಿಯವರು ಹಗ್ಗ ಹಾಕಿ ಎಳೆದು ತಂದರು. ಅಷ್ಟರಲ್ಲಿ ಬಂಗುಡೆ ಮೆತ್ತಗಾಗಿ ಅರ್ಧ ರೇಟಿಗೆ ಹೋಯಿತು.

ಕ್ಯಾನ್ ಬೇರೆ ಮಾಡಿದರೆ ಆಯ್ತಲ್ಲ ಅನ್ನುತ್ತೀರಿ. ಮಾಡಿದೆ. ಆಮೇಲೆ ಕಣ್ಣಿಗೆ ಬಿದ್ದದ್ದು ಖರ್ಚು. ಜೋರಾಗಿ ಓಡಿಸಿದರೆ ಎರಡೂ ಸೇರಿ ಗಂಟೆಗೆ ಹತ್ತಿರಹತ್ತಿರ 8 ಲೀಟರ್ ಕುಡಿಯುತ್ತಿದ್ದವು. ಈಗಿನ 9.9 ಒಂದೇ ಸುಮಾರು 5 ಲೀಟರ್. ಅಷ್ಟು ಕುಡಿದು ಜೋಡಿ ಕೊಡುತ್ತಿದ್ದ ವೇಗ ಗಂಟೆಗೆ ಎರಡು ಕಿ.ಮೀ. ಜಾಸ್ತಿ, ಅಷ್ಟೇ. ಪ್ಲಗ್ ನಾಲ್ಕು, ನೀರಿನ ಪಂಪಿನ ಇಂಪೆಲ್ಲರ್ ಎರಡು, ಗೇರ್ ಆಯಿಲ್ ಎರಡು ಪಾಲು. ಸರ್ಕಾರದ ಪರ್ಮಿಟ್ ಮೇಲೆ ಕೊಡುವ ಸೀಮೆಎಣ್ಣೆ ಸಿಗದ ತಿಂಗಳಲ್ಲಿ ಹೊರಗೆ ಕೊಂಡು ಹಾಕಿ ನೋಡಿ, ಗೊತ್ತಾಗುತ್ತದೆ. ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದಲ್ಲಂತೂ ನಾಡದೋಣಿಗೆ 10 ಎಚ್‌ಪಿವರೆಗೆ ಮಾತ್ರ ಅವಕಾಶ. ಎರಡು ಎಂಟು ಎಷ್ಟು ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ. ಈಗ ಒಂದು ಸಲಕ್ಕೆ ಓಡುವುದು ಒಂದೇ.

ಹಳೇ ಎರಡನ್ನೂ ಮಾರಿ 90 ಸಾವಿರದಷ್ಟು ಬಂತು. ಸೆಕೆಂಡ್ ಹ್ಯಾಂಡ್ 9.9ಕ್ಕೇ 85 ಹೋಯಿತು. ಸಣ್ಣದರಲ್ಲಿ ನಾನು ಪೆಟ್ಟು ತಿಂದೆ. ಅಗ್ಗಕ್ಕೆ ಸಿಕ್ಕಿತು ಅಂತ 30 ಸಾವಿರಕ್ಕೆ ಗಿಡ್ಡ ಶಾಫ್ಟಿನದು, ಅಂದರೆ ನೀರಿಗಿಳಿಯುವ ಕಾಲು ಗಿಡ್ಡ ಇರುವುದು, ತಂದೆ. ನದಿಯಲ್ಲಿ ಚಿನ್ನದ ಹಾಗೆ ಓಡಿತು. ಸಮುದ್ರಕ್ಕೆ ಹೋದರೆ ದೋಣಿ ಮೂತಿ ತಗ್ಗಿಸಿದಾಗೆಲ್ಲ ನೀರು ತಳ್ಳುವ ಫ್ಯಾನ್ ಗಾಳಿಗೆ ಬಂದು ಕಿರುಚುತ್ತಿತ್ತು. 22ಕ್ಕೆ ಕೊಟ್ಟು, 40 ಸುರಿದು ಉದ್ದ ಶಾಫ್ಟಿನದು ತಂದೆ. ಅದನ್ನೂ ಮೂರು ತಿಂಗಳು ಸುಮ್ನೆ ನೇತುಹಾಕಿಟ್ಟು, ಒಂದು ದಿನ ಹಗ್ಗ ಎಳೆದರೆ ಜಪ್ಪಯ್ಯ ಅಂದರೂ ಏಳಲಿಲ್ಲ. ಕಾರ್ಬ್ಯುರೇಟರ್ ಬಿಚ್ಚಿದರೆ ಒಳಗೆ ಪೆಟ್ರೋಲ್ ಒಣಗಿ ಬೆಲ್ಲದ ಪಾಕದ ಹಾಗೆ ಅಂಟಿತ್ತು.

ಅವತ್ತಿನಿಂದ ದಕ್ಕೆಯಿಂದ ಅಳಿವೆ ಹತ್ತಿರದವರೆಗೆ ದಿನಾ ಸಣ್ಣದರಲ್ಲೇ ಹೋಗುತ್ತೇನೆ. ಅಲ್ಲಿ ಅದನ್ನು ಎತ್ತಿ ದೊಡ್ಡದು ಶುರು. ಸಣ್ಣದಕ್ಕೆ ಬರೀ ಪೆಟ್ರೋಲ್, ಅದರದ್ದೇ 10 ಲೀಟರ್ ಕ್ಯಾನ್, ಅದರದ್ದೇ ಪೈಪ್. ದೊಡ್ಡದರ ಕ್ಯಾನಿಗೆ ಅದನ್ನು ಮುಟ್ಟಿಸುವುದೇ ಇಲ್ಲ. ಸಣ್ಣದನ್ನು ಕೂರಿಸುವ ಬ್ರಾಕೆಟ್ಟಿನ ಬೋಲ್ಟ್ ತುಕ್ಕು ಹಿಡಿಯದ ಸ್ಟೀಲಿನದ್ದೇ ಹಾಕಿ. ಮೊದಲು ಹಾಕಿದ ಸಾದಾ ಬೋಲ್ಟ್ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಪುಡಿಯಾಯಿತು. ಬ್ರಾಕೆಟ್ ಕೆಳಗೆ ನಾನೊಂದು ಮರದ ಚಕ್ಕೆ ಕೊಟ್ಟಿದ್ದೇನೆ. ಅದರ ಓರೆ ಎಷ್ಟು ಅನ್ನುವುದು ಇಲ್ಲಿ ಬೇಡ.

ನಡುವೆ ಬ್ಯಾಟರಿ ಮೋಟಾರಿನ ಹುಚ್ಚೂ ಹಿಡಿದಿತ್ತು. ಸದ್ದಿಲ್ಲ, ಹೊಗೆಯಿಲ್ಲ ಅಂತ ಪರಿಚಯದವರೊಬ್ಬರದು ಎರವಲು ತಂದೆ. ಹಿನ್ನೀರಿನಲ್ಲಿ ಸೊಗಸಾಗಿ ಹೋಯಿತು. ಇಳಿತದ ನೀರಿಗೆ ಎದುರು ತಿರುಗಿಸಿದರೆ ದೋಣಿ ಇದ್ದಲ್ಲೇ ನಿಂತು ನಿಧಾನಕ್ಕೆ ಹಿಂದಕ್ಕೆ ಹೋಯಿತು. ಮಗ ನಕ್ಕಿದ್ದೇ ನಕ್ಕಿದ್ದು. ಬ್ಯಾಟರಿ ಹೊತ್ತು ನನ್ನ ಸೊಂಟ ಹಿಡಿದದ್ದು ಬೇರೆ.

ಪರೀಕ್ಷೆ ಬಂದದ್ದು ಹೋದ ಸೆಪ್ಟೆಂಬರ್‌ನಲ್ಲಿ. ದಡ ಇನ್ನೂ 8 ಕಿ.ಮೀ. ಇರುವಾಗ ತೇಲುತ್ತಿದ್ದ ಹಳೇ ಬಲೆಯ ಹಗ್ಗ ದೊಡ್ಡದರ ಫ್ಯಾನಿಗೆ ಸುತ್ತಿಕೊಂಡಿತು. ಕತ್ತರಿಸಿ ತೆಗೆದೆವು, ಆದರೆ ಗೇರ್ ಹಿಡಿಯಲಿಲ್ಲ. ಸಣ್ಣದನ್ನು ಇಳಿಸಿ ಹಗ್ಗ ಎಳೆದೆ. ಎರಡನೇ ಎಳೆತಕ್ಕೆ ಎದ್ದಿತು. ಒಂದೂವರೆ ಗಂಟೆ ಟುರ್ ಟುರ್ ಅಂತ ಬಂದೆವು. ಅಳಿವೆಯಲ್ಲಿ ಇಳಿತ ಜೋರಾಗಿತ್ತು, ಅಲೆ ಮುರಿಯುತ್ತಿತ್ತು. 5 ಎಚ್‌ಪಿ ನಂಬಿ ಅದಕ್ಕೆ ನುಗ್ಗುವ ಧೈರ್ಯ ನನಗಿಲ್ಲ. ಹೊರಗೇ ಲಂಗರು ಹಾಕಿ, ಗಂಜಿ ಉಂಡು, ಭರತ ಬಂದ ಮೇಲೆ ಒಳಗೆ ಬಂದೆವು. ಆ ದಿನದ ಮೀನಿಗೆ ಐಸ್ ಇತ್ತು, ಪೂರ್ತಿ ರೇಟ್ ಸಿಕ್ಕಿತು.

ಮಾರನೇ ವಾರ ಭಾವನ ಮಗ ಟೇಪ್ ಹಿಡಿದು ನಮ್ಮ ದೋಣಿ ಹತ್ತಿರ ಬಂದ. ಬ್ರಾಕೆಟ್ ಅಳತೆ ಬೇಕಂತೆ. ಅಳತೆ ಕೊಟ್ಟೆ. ಚಕ್ಕೆಯದ್ದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.