ಹಸಿವಿಲ್ಲ ಅನ್ನೋ ಡೈಲಾಗಿಗೆ ಯಾರು ನಕ್ಕರು

ನಾನು ಕಾಮಿಡಿ ಧಾರಾವಾಹಿಗಳಿಗೆ ಡೈಲಾಗ್ ಬರೆಯುವವನು. ಕೆಲವು ವರ್ಷದ ಹಿಂದೆ ನಮ್ಮ ಕೈಗೆ ಬಂದ ಕಥೆ ಸರಳವಾಗಿತ್ತು. ಒಂದೇ ಕಟ್ಟಡ, ಮೂರು ಮನೆ. ಮೇಲೆ ಓನರ್, ನಡುವೆ ಹೊಸದಾಗಿ ಮದುವೆಯಾದ ಇಂಜಿನಿಯರ್ ಜೋಡಿ, ಕೆಳಗೆ ಬಾಡಿಗೆಗಿರುವ ಮೇಷ್ಟ್ರು. ದುಡ್ಡಿರುವವರು, ದುಡ್ಡು ಬರುತ್ತಿರುವವರು, ದುಡ್ಡು ಎಣಿಸುವವರು. ಇಷ್ಟು ಇದ್ದರೆ ಜೋಕು ತಾನಾಗಿ ಉದುರುತ್ತೆ ಅಂದುಕೊಂಡಿದ್ದೆ.

ಒಂದು ಎಪಿಸೋಡಿನಲ್ಲಿ ಮೂರೂ ಮನೆಯವರು ಸೇರಿ ದೊಡ್ಡ ಹೋಟೆಲಿಗೆ ಊಟಕ್ಕೆ ಹೋಗುತ್ತಾರೆ. ನಾನು ಬರೆದಿದ್ದು ನೀವು ಊಹಿಸಿದ್ದೇ: ಮೇಷ್ಟ್ರು ಮೆನುವಿನಲ್ಲಿರುವ ಹೆಸರನ್ನು ತಪ್ಪಾಗಿ ಓದುತ್ತಾರೆ, ಫೋರ್ಕ್ ಕೈಜಾರಿ ಪಕ್ಕದ ಟೇಬಲ್ಲಿಗೆ ಹೋಗುತ್ತೆ, ವೇಟರ್‌ಗೆ ನಮಸ್ಕಾರ ಮಾಡುತ್ತಾರೆ. ಶೂಟಿಂಗಿಗೆ ಮೊದಲು ಎಲ್ಲರೂ ಕೂತು ಸೀನ್ ಓದಿದಾಗ ನಟರು ನಕ್ಕರು, ಡೈರೆಕ್ಟರ್ ನಕ್ಕರು. ನಾನೂ ನಕ್ಕೆ, ನನ್ನ ಜೋಕಿಗೆ ನಾನೇ ನಗುವ ಚಾಳಿ ಇದೆ. ಮೂಲೆಯಲ್ಲಿ ಬಟ್ಟೆಗಳನ್ನು ಹ್ಯಾಂಗರಿಗೆ ಹಾಕುತ್ತಿದ್ದ ಕಾಸ್ಟ್ಯೂಮ್ ಅಸಿಸ್ಟೆಂಟ್ ಹುಡುಗಿ ಮಾತ್ರ ತಲೆ ಎತ್ತಲಿಲ್ಲ.

ಅದೇ ಸೀನಿನಲ್ಲಿ ಇನ್ನೊಂದು ಸಾಲಿತ್ತು. ಅದು ಜೋಕೇ ಅಲ್ಲ. ವೇಟರ್ ಆರ್ಡರ್ ಕೇಳಿದಾಗ ಮೇಷ್ಟ್ರು ಏನೋ ಒಂದು ಹೇಳಬೇಕಲ್ಲ ಅಂತ ಸುಮ್ನೆ ತುಂಬಿದ ಸಾಲು: "ನನಗೇನೂ ಬೇಡಪ್ಪ, ಬರುವಾಗಲೇ ತಿಂದುಕೊಂಡು ಬಂದೆ." ಆಗ ಆ ಹುಡುಗಿ ಕಿಸಕ್ಕನೆ ನಕ್ಕಳು. ಎಲ್ಲರೂ ತಿರುಗಿ ನೋಡಿದೆವು. ಅವಳಿಗೆ ನಾಚಿಕೆಯಾಯಿತು. ಆಮೇಲೆ ಟೀ ಬ್ರೇಕಿನಲ್ಲಿ, ಯಾಕೆ ನಕ್ಕೆ ಅಂತ ಕೇಳಿದೆ.

"ಅವರು ರೇಟ್ ನೋಡಿದ್ರಲ್ಲ ಸಾರ್" ಅಂದಳು.

ನಾನು ಹಾಗೆ ಬರೆದಿರಲಿಲ್ಲ. ನನ್ನ ಮೇಷ್ಟ್ರಿಗೆ ನಿಜವಾಗಿಯೂ ಹೊಟ್ಟೆ ತುಂಬಿತ್ತು. ಆದರೆ ಅವಳ ಕಣ್ಣಿಗೆ ಮೇಷ್ಟ್ರು ಮೆನು ತೆಗೆದು, ಎಡಗಡೆ ಇರುವ ಹೆಸರುಗಳನ್ನು ಬಿಟ್ಟು, ಬಲಗಡೆಯ ಅಂಕಿಗಳನ್ನು ಮೇಲಿಂದ ಕೆಳಗೆ ಓದಿ, ಮೆನು ಮುಚ್ಚಿಟ್ಟಿದ್ದು ಕಂಡಿತ್ತು. ನಾನು ಬರೆದದ್ದಕ್ಕಿಂತ ಅವಳು ನೋಡಿದ್ದೇ ಒಳ್ಳೆಯ ಸೀನು.

ಆ ರಾತ್ರಿ ಮನೆಗೆ ಹೋಗಿ ಫ್ರೆಂಡ್ಸ್ ಸರಣಿಯ ಒಂದು ಹಳೇ ಎಪಿಸೋಡ್ ಹಾಕಿ ನೋಡಿದೆ. 1995ರಲ್ಲಿ ಬಂದದ್ದು, ಎರಡನೇ ಸೀಸನ್. ಆರು ಜನ ಗೆಳೆಯರಲ್ಲಿ ಮೂವರ ಕೈಯಲ್ಲಿ ದುಡ್ಡು ಓಡಾಡುತ್ತಿದೆ, ಮೂವರ ಕೈಯಲ್ಲಿ ಇಲ್ಲ. ಮೋನಿಕಾಗೆ ಪ್ರಮೋಷನ್ ಆಗಿದೆ, ಎಲ್ಲರೂ ದುಬಾರಿ ಹೋಟೆಲಿಗೆ ಹೋಗುತ್ತಾರೆ. ರೇಚಲ್ ಒಂದು ಚಿಕ್ಕ ಸಲಾಡ್ ಹೇಳುತ್ತಾಳೆ, ಫೀಬಿ ಸೂಪ್ ಹೇಳುತ್ತಾಳೆ, ಜೋಯಿ ಪಿಜ್ಜಾದಲ್ಲಿ ಅದು ಬೇಡ ಇದು ಬೇಡ ಅಂದರೆ ರೇಟ್ ಕಮ್ಮಿ ಆಗುತ್ತಾ ಅಂತ ವೇಟರ್‌ನನ್ನೇ ಕೇಳುತ್ತಾನೆ. ಬಿಲ್ ಬಂದಾಗ ರಾಸ್ ಲೆಕ್ಕ ಹಾಕಿ, ತಲೆಗೆ ಇಷ್ಟಿಷ್ಟು ಅಂತ ಸಮನಾಗಿ ಹಂಚಿಬಿಡುತ್ತಾನೆ. ಫೀಬಿ ಮಾತ್ರ ಆಗಲ್ಲ ಅಂದುಬಿಡುತ್ತಾಳೆ. ಮುಂಚೆ ಎಷ್ಟೋ ಸಲ ನೋಡಿದ್ದೆ, ಜೋಯಿಗೇ ನಕ್ಕಿದ್ದೆ. ಈ ಸಲ ನೋಡಿದಾಗ ನಗು ಬಂದದ್ದು ರಾಸ್‌ಗೆ. ಅವನು ಕೆಟ್ಟವನಲ್ಲ. ಸಮನಾಗಿ ಹಂಚೋದು ನ್ಯಾಯ ಅಂತಲೇ ಅವನು ನಂಬಿದ್ದಾನೆ. ಅವನ ತಲೆಯಲ್ಲಿ ಲೆಕ್ಕ ಶುರುವಾಗೋದು ಬಿಲ್ ಬಂದ ಮೇಲೆ. ಉಳಿದ ಮೂವರ ತಲೆಯಲ್ಲಿ ಹೋಟೆಲಿನ ಬಾಗಿಲು ದಾಟುವಾಗಲೇ ಶುರುವಾಗಿದೆ. ಆಮೇಲೆ ಇರುವವರು ಇಲ್ಲದವರಿಗೂ ಸೇರಿಸಿ ಕಾನ್ಸರ್ಟ್ ಟಿಕೆಟ್ ತರುತ್ತಾರೆ, ಅಲ್ಲಿ ಇನ್ನೊಂದು ಜಗಳ. ದುಡ್ಡು ಕೊಡಬೇಕಾಗಿ ಬಂದರೂ ಅವಮಾನ, ಕೊಡಬೇಡ ಅಂದರೂ ಅವಮಾನ. ಇಡೀ ಎಪಿಸೋಡಿನಲ್ಲಿ ಒಬ್ಬನೂ ಇನ್ನೊಬ್ಬನಿಗೆ ಬಡವ ಅನ್ನಲ್ಲ ನೋಡಿ.

ಮಾರನೇ ದಿನದಿಂದ ಒಂದು ನೋಟ್‌ಬುಕ್ ಇಟ್ಟೆ. ದುಡ್ಡಿಗೋಸ್ಕರ ಜನ ಹೇಳುವ ಸಣ್ಣ ಸುಳ್ಳುಗಳನ್ನು ಎಡಗಡೆ ಬರೆಯೋದು. "ನಡೆದುಕೊಂಡೇ ಹೋಗ್ತೀನಿ, ವಾಕಿಂಗ್ ಆದ ಹಾಗೆ ಆಗುತ್ತೆ." "ಹಳೇ ಫೋನೇ ಕೈಗೆ ಒಗ್ಗಿದೆ." "ಎಸಿ ನನಗೆ ಆಗಿಬರಲ್ಲ, ಶೀತ." "ಆವತ್ತು ಏನೋ ಕೆಲಸ ಇದೆ ಕಣೋ." ಬಲಗಡೆ, ದುಡ್ಡಿನ ಯೋಚನೆಯೇ ಇಲ್ಲದವರು ಹೇಳುವ ಮಾತು. "ಅದೇನು ಮಹಾ ಜಾಸ್ತಿ ಅಲ್ಲ ಬಿಡಿ." "ಹೊಸದೇ ತಗೊಂಡುಬಿಡಿ, ರಿಪೇರಿ ಯಾಕೆ?" "ಒಂದು ಆಟೋ ಮಾಡಿಕೊಂಡು ಬಂದುಬಿಡಿ." ಈ ಕಡೆಯವು ಸುಳ್ಳಲ್ಲ. ಅದೇ ತಮಾಷೆ. ಎಡಗಡೆ ಎಲ್ಲಾ ಸುಳ್ಳು, ಬಲಗಡೆ ಎಲ್ಲಾ ಪ್ರಾಮಾಣಿಕ. ಒಂದು ವಾರದಲ್ಲಿ ಎಡಗಡೆ ಪುಟಗಟ್ಟಲೆ ಆಯಿತು, ಬಲಗಡೆ ಒಂದು ಪುಟ ದಾಟಲಿಲ್ಲ.

ಎಡಗಡೆಯ ಮೊದಲ ಸುಳ್ಳು ನನ್ನದೇ. ಕಾಲೇಜಿನಲ್ಲಿ ಕೊನೇ ವರ್ಷ ಕ್ಲಾಸಿನವರೆಲ್ಲ ಟ್ರಿಪ್ ಹೊರಟಾಗ ನಾನು "ಮನೇಲಿ ಬಿಡಲ್ಲ" ಅಂದಿದ್ದೆ. ಮನೇಲಿ ಕೇಳಿರಲೇ ಇಲ್ಲ. ಕೇಳಿದರೆ ಅಪ್ಪ ಎಲ್ಲಿಂದಾದರೂ ಹೊಂದಿಸಿಬಿಡುತ್ತಾರೆ ಅನ್ನೋದೇ ಭಯ. ಕ್ಲಾಸಿನಲ್ಲಿ ಅಪ್ಪನಿಗೆ ಸ್ಟ್ರಿಕ್ಟ್ ಅಂತ ಹೆಸರು ಬಂತು, ಪಾಪ. ಎಷ್ಟೋ ವರ್ಷ ಆದಮೇಲೆ ಒಬ್ಬ ಗೆಳೆಯ ಹೇಳಿದ, ಅವನ ಮನೇಲೂ ಹಾಗೇ "ಬಿಟ್ಟಿರಲಿಲ್ಲ"ವಂತೆ. ಇಬ್ಬರೂ ಆ ದಿನಗಳಲ್ಲಿ ಒಂದೇ ಊರಲ್ಲಿ, ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಮನೆಯೊಳಗೆ ಬಚ್ಚಿಟ್ಟುಕೊಂಡು ಕೂತಿದ್ದೆವು.

ಸರಿ, ಹೋಟೆಲ್ ಸೀನನ್ನು ತಿರುಗಿಸಿ ಬರೆದೆ. ಹೆಸರು ತಪ್ಪಾಗಿ ಓದೋದು, ನಮಸ್ಕಾರ, ಎರಡೂ ತೆಗೆದೆ. ಫೋರ್ಕ್ ಬೀಳೋದನ್ನು ಡೈರೆಕ್ಟರ್ ಬಿಡಲಿಲ್ಲ, ಇರಲಿ ಅಂತ ಬಿಟ್ಟೆ. ಹೊಸ ಸೀನಿನಲ್ಲಿ ಮೇಷ್ಟ್ರು ಮೆನು ನೋಡುತ್ತಾರೆ, ಮುಚ್ಚುತ್ತಾರೆ, ತಿಂದುಕೊಂಡು ಬಂದೆ ಅನ್ನುತ್ತಾರೆ. ಊಟ ಮುಗಿಯುವವರೆಗೂ ನೀರು ಕುಡಿಯುತ್ತಾ ಎಲ್ಲರ ಮಾತಿಗೂ ಹೂಂ ಅನ್ನುತ್ತಾರೆ. ಓನರ್ ಬಿಲ್ ನೋಡಿ, "ಮೂರು ಮನೆ, ಮೂರು ಭಾಗ, ಲೆಕ್ಕ ಸುಲಭ" ಅನ್ನುತ್ತಾರೆ. ಮೇಷ್ಟ್ರು ಗಣಿತದ ಮೇಷ್ಟ್ರು, ಭಾಗಾಕಾರ ತಪ್ಪು ಅನ್ನೋ ಹಾಗಿಲ್ಲ. ಪರ್ಸಿನಿಂದ ನೋಟುಗಳನ್ನು ಒಂದೊಂದಾಗಿ ತೆಗೆದು, ಎರಡು ಸಲ ಎಣಿಸಿ ಕೊಡುತ್ತಾರೆ. ಒಂದು ಕ್ಷಣ ಸುಮ್ಮನೆ ಕೂರುತ್ತಾರೆ. ಆಮೇಲೆ ನಿಧಾನಕ್ಕೆ ಎಲ್ಲರ ತಟ್ಟೆಗಳಲ್ಲಿ ಉಳಿದದ್ದನ್ನು ಒಂದೊಂದಾಗಿ ತಮ್ಮ ಕಡೆ ಎಳೆದುಕೊಳ್ಳುತ್ತಾರೆ.

"ಈಗ ಹಸಿವಾಯಿತು" ಅನ್ನುತ್ತಾರೆ.

ಅಲ್ಲಿಗೆ ಓನರ್ ಮುಖದಲ್ಲಿ ಪೆಚ್ಚು ತೋರಿಸೋಣ ಅಂದರು ಡೈರೆಕ್ಟರ್. ನಾನು ಬೇಡ ಅಂತ ಹಠ ಹಿಡಿದೆ. ಓನರ್‌ಗೆ ಅರ್ಥವಾದರೆ ಸೀನ್ ಸತ್ತುಹೋಗುತ್ತೆ. ಅವರು ಖುಷಿಯಿಂದ, ತುಂಬಾ ಅಕ್ಕರೆಯಿಂದ, "ನೋಡಿ, ಚೂರಾದರೂ ತಿನ್ನಿ ಅಂತ ನಾನು ಆಗಲೇ ಹೇಳಲಿಲ್ವಾ ಮೇಷ್ಟ್ರೇ" ಅನ್ನಬೇಕು. ಇಬ್ಬರೂ ಒಂದೇ ಟೇಬಲ್ಲಿನಲ್ಲಿ ಕೂತಿದ್ದಾರೆ, ಇಬ್ಬರೂ ಒಳ್ಳೆಯವರು, ಒಬ್ಬರಿಗೆ ಇನ್ನೊಬ್ಬರ ಊಟ ಕಾಣಿಸುತ್ತಲೇ ಇಲ್ಲ. ಡೈರೆಕ್ಟರ್ ಗೊಣಗಿಕೊಂಡೇ ಒಪ್ಪಿದರು.

ನಡುವಿನ ಮನೆಯ ಇಂಜಿನಿಯರ್ ಜೋಡಿ ನನಗೆ ಜಾಸ್ತಿ ಕಷ್ಟ ಕೊಟ್ಟಿತು. ಮೇಲೆ ಹತ್ತುತ್ತಿರುವವರನ್ನು ಗೇಲಿ ಮಾಡೋದು ಬಲು ಸುಲಭ, ಅದಕ್ಕೇ ಅನುಮಾನ. ಬ್ರಿಟಿಷರ ಕೀಪಿಂಗ್ ಅಪ್ ಅಪಿಯರೆನ್ಸಸ್‌ನ ಹಯಸಿಂತ್ ಇದಕ್ಕೆ ದೊಡ್ಡ ಉದಾಹರಣೆ. 1990ರಿಂದ 1995ರವರೆಗೆ ಬಂದ ಸರಣಿ. ಅವಳ ಮನೆತನದ ಹೆಸರು ಬಕೆಟ್, ಅವಳು ಅದನ್ನು ಬೊಕೆ ಅಂತಲೇ ಹೇಳೋದು. ನನಗೆ ಅವಳಿಗಿಂತ ಇಷ್ಟ ಆದದ್ದು ಪಕ್ಕದ ಮನೆಯ ಎಲಿಜಬೆತ್. ಹಯಸಿಂತ್ ಒಳ್ಳೆಯ ಕಪ್ಪಿನಲ್ಲಿ ಕಾಫಿ ಕೊಟ್ಟ ಕೂಡಲೇ ಆಕೆಯ ಕೈ ನಡುಗೋಕೆ ಶುರು, ಎಲ್ಲಿ ಕಪ್ ಒಡೆದುಬಿಡುತ್ತೀನೋ ಅಂತ. ಹಯಸಿಂತ್ ಕಣ್ಣೆಲ್ಲ ಕಪ್ ಮೇಲೇ. 2004ರಲ್ಲಿ ಶುರುವಾದ ಹಿಂದಿಯ ಸಾರಾಭಾಯಿ ವರ್ಸಸ್ ಸಾರಾಭಾಯಿಯಲ್ಲೂ ಹೆಸರಿನದೇ ಆಟ. ಸೊಸೆಯ ಹೆಸರು ಮನೀಷಾ, ಅತ್ತೆ ಮಾಯಾಗೆ ಅದು ತೀರಾ ಮಿಡ್ಲ್ ಕ್ಲಾಸ್ ಅನಿಸಿ ಮೋನಿಷಾ ಅಂತ ಮಾಡುತ್ತಾಳೆ. ಮಾಯಾಳ ಆ ಬೈಗುಳವನ್ನು ಅತಿ ಜಾಸ್ತಿ ಪ್ರೀತಿಸಿದವರು ನಮ್ಮಂಥ ಮಿಡ್ಲ್ ಕ್ಲಾಸ್‌ನವರೇ. ಪೇಸ್ಟ್ ಟ್ಯೂಬ್ ಕತ್ತರಿಸಿ ಒಳಗಿನದನ್ನು ಬಳಿದುಕೊಳ್ಳುವಾಗ ನಮಗೆ ನಾವೇ ಅದನ್ನು ಹೇಳಿಕೊಂಡು ನಗುತ್ತೇವೆ, ಅಲ್ವಾ?

ಹಾಗಾಗಿ ನಡುವಿನ ಮನೆಗೆ ಮಾತು ಕಮ್ಮಿ ಮಾಡಿ, ವಸ್ತುಗಳಿಗೆ ಕೆಲಸ ಕೊಟ್ಟೆ. ಸೋಫಾ ಮೇಲಿನ ಪ್ಲಾಸ್ಟಿಕ್ ಕವರ್ ಯಾರ ಮನೆಯಲ್ಲಿರುತ್ತೆ ಯೋಚನೆ ಮಾಡಿ. ಓನರ್ ಮನೆಯಲ್ಲಿ ಇರಲ್ಲ, ಹಾಳಾದರೆ ಇನ್ನೊಂದು ಬರುತ್ತೆ. ಮೇಷ್ಟ್ರ ಮನೆಯಲ್ಲಿ ಸೋಫಾನೇ ಹಳೇದು. ಕವರ್ ಇರೋದು ಕಂತು ಕಟ್ಟುತ್ತಿರುವವರ ಮನೆಯಲ್ಲಿ. ಆ ಜೋಡಿ ಕೂತಾಗಲೆಲ್ಲ ಪರಪರ ಸದ್ದು. ಜಗಳ ಆಡುವಾಗಲೂ ಪರಪರ, ಮುದ್ದು ಮಾಡುವಾಗಲೂ ಪರಪರ. ಇಡೀ ಧಾರಾವಾಹಿಯಲ್ಲಿ ಜನಕ್ಕೆ ಜಾಸ್ತಿ ನೆನಪಿರೋದು ಈ ಸದ್ದೇ, ನಾನು ಬರೆದ ಒಂದು ಡೈಲಾಗೂ ಅಲ್ಲ.

ಮೇಷ್ಟ್ರ ಮನೆಗೆ "ಹರಿದ ಸೋಫಾ" ಅಂತ ಸೀನ್ ಪೇಪರಿನಲ್ಲಿ ಬರೆದು ಕೊಟ್ಟಿದ್ದೆ. ಆರ್ಟ್ ಡಿಪಾರ್ಟ್‌ಮೆಂಟಿನ ಹಿರಿಯರೊಬ್ಬರು ಪೇಪರ್ ಹಿಡಿದುಕೊಂಡು ಬಂದರು. "ಸಾರ್, ಹರಿದಿರಲ್ಲ. ಹೊಲಿದಿರುತ್ತೆ" ಅಂದರು. ಅಷ್ಟೇ ಹೇಳಿ ಹೋದರು. ಸೆಟ್ಟಿಗೆ ಬಂದ ಸೋಫಾ ನೋಡಿದರೆ, ಒಂದು ತೋಳಿನ ಮೇಲೆ ಬೇರೆ ಬಣ್ಣದ ದಾರದಲ್ಲಿ ಹತ್ತಿರ ಹತ್ತಿರ ಹೊಲಿಗೆ, ಅದರ ಮೇಲೆ ಮುಚ್ಚೋಕೆ ಒಂದು ಮಡಿಸಿದ ಟವೆಲ್. ಆ ಟವೆಲ್ ನನ್ನ ತಲೆಗೆ ಹೊಳೆಯುತ್ತಿರಲಿಲ್ಲ. ಆಮೇಲೆ ನೆಂಟರು ಬಂದಾಗಲೆಲ್ಲ ಮೇಷ್ಟ್ರ ಹೆಂಡತಿ ಟವೆಲ್ ಸರಿ ಮಾಡೋದು ಅಂತ ಪ್ರತಿ ಎಪಿಸೋಡಿಗೂ ಒಂದು ಸಣ್ಣ ಕೆಲಸ ಸಿಕ್ಕಿತು. ಅಮೆರಿಕದ ಫ್ರೇಸಿಯರ್ ಸರಣಿಯಲ್ಲೂ ಇಂಥದ್ದೇ ಒಂದು ಕುರ್ಚಿ ಇದೆ. ಮಗ ಶೋಕಿಯ ಮನೋವೈದ್ಯ, ಅಪ್ಪ ನಿವೃತ್ತ ಪೊಲೀಸ್. ಮಗನ ದುಬಾರಿ ಹಾಲಿನ ಮಧ್ಯೆ ಅಪ್ಪನ ಹಳೇ ಕುರ್ಚಿ, ಅಲ್ಲಲ್ಲಿ ಟೇಪ್ ಸುತ್ತಿದ್ದು. ಇಬ್ಬರೂ ಬಾಯಿ ಬಿಡುವ ಮೊದಲೇ ಅರ್ಧ ಜಗಳ ಆ ಕುರ್ಚಿಯೇ ಆಡಿಬಿಡುತ್ತೆ.

ಒಂದು ಸಲ ಎಡವಿದ್ದನ್ನೂ ಹೇಳಬೇಕು. ಇದಕ್ಕೂ ಹಿಂದಿನ ಒಂದು ಧಾರಾವಾಹಿಯಲ್ಲಿ ಮನೆಕೆಲಸದಾಕೆಯ ಪಾತ್ರಕ್ಕೆ ನಾನು ಒಂದು ತೊದಲು ಇಂಗ್ಲಿಷ್ ಸಾಲು ಬರೆದಿದ್ದೆ, ಅದು ಹಿಟ್ ಆಯಿತು. ಕೆಲವು ತಿಂಗಳಾದ ಮೇಲೆ ಒಬ್ಬ ಹೆಂಗಸು ಸೆಟ್ಟಿನ ಹತ್ತಿರ ಸಿಕ್ಕರು. ತಾವು ಕೆಲಸ ಮಾಡುವ ಮನೆಯ ಮಕ್ಕಳು ದಿನಾ ತಮ್ಮನ್ನು ಕಂಡ ಕೂಡಲೇ ಆ ಡೈಲಾಗ್ ಹೊಡೆಯುತ್ತಾರೆ ಅಂದರು. ಬೈಯಲಿಲ್ಲ, ನಗುತ್ತಲೇ ಹೇಳಿದರು. ನಾನು ಆ ಪಾತ್ರವನ್ನು ಪ್ರೀತಿಯಿಂದಲೇ ಬರೆದಿದ್ದೆ, ಆದರೆ ಬರೆದವನ ಪ್ರೀತಿ ಟೀವಿಯಲ್ಲಿ ಕಾಣಿಸಲ್ಲ. ಅಮೆರಿಕದಲ್ಲಿ 1971ರಲ್ಲಿ ಶುರುವಾದ ಆಲ್ ಇನ್ ದಿ ಫ್ಯಾಮಿಲಿಗೂ ಹೀಗೇ ಆಗಿತ್ತು. ಜನಾಂಗ ದ್ವೇಷದ ಮಾತಾಡುವ ಆರ್ಚಿ ಬಂಕರ್ ಅನ್ನೋ ಕಾರ್ಮಿಕನನ್ನು ಗೇಲಿ ಮಾಡೋದೇ ಅದರ ಉದ್ದೇಶ. 1974ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿಡ್ಮಾರ್ ಮತ್ತು ರೋಕೀಚ್ ಅನ್ನುವ ಸಂಶೋಧಕರು ಪ್ರೇಕ್ಷಕರನ್ನು ಕೇಳಿ ನೋಡಿದರೆ, ಪೂರ್ವಗ್ರಹ ಜಾಸ್ತಿ ಇರುವವರು ಆರ್ಚಿಯನ್ನೇ ಮೆಚ್ಚಿಕೊಂಡಿದ್ದರು. ನಗು ಒಂದೇ, ನಕ್ಕಿದ್ದು ಬೇರೆ ಬೇರೆಯದಕ್ಕೆ.

ಅದಾದ ಮೇಲೆ ಮಾತಾಡುವ ರೀತಿಯನ್ನು ಇಟ್ಟುಕೊಂಡು ಜೋಕ್ ಮಾಡೋದು ಬಿಟ್ಟೆ. ಪೂರ್ತಿ ಬಿಟ್ಟೆ ಅಂದರೆ ಸುಳ್ಳು, ಡೆಡ್‌ಲೈನ್ ಬಂದಾಗ ಕೈ ಆ ಕಡೆ ಹೋಗುತ್ತೆ.

ಹೋಟೆಲ್ ಎಪಿಸೋಡಿನ ಎಡಿಟಿಂಗಿನಲ್ಲಿ ಇನ್ನೊಂದು ರಗಳೆ ಆಯಿತು. ಎಡಿಟರ್ "ತಿಂದುಕೊಂಡು ಬಂದೆ" ಸಾಲಿಗೆ ನಗುವಿನ ಸದ್ದು ಹಾಕಿದ್ದ. ಈ ರೆಡಿಮೇಡ್ ನಗುವಿಗೆ ದೊಡ್ಡ ಚರಿತ್ರೆ ಇದೆ. 1950ರ ದಶಕದಲ್ಲಿ ಚಾರ್ಲಿ ಡಗ್ಲಸ್ ಅನ್ನುವ ಅಮೆರಿಕದ ಸೌಂಡ್ ಇಂಜಿನಿಯರ್ ಒಂದು ಪೆಟ್ಟಿಗೆ ಮಾಡಿಕೊಂಡಿದ್ದ, ಕೀ ಒತ್ತಿದರೆ ಬೇಕಾದ ಥರದ ನಗು ಹೊರಗೆ ಬರುತ್ತಿತ್ತು. ಆದರೆ ಆ ಪೆಟ್ಟಿಗೆಯ ನಗು ಎಲ್ಲರೂ ಒಂದೇ ಜಾಗದಲ್ಲಿ ನಗುತ್ತಾರೆ ಅಂದುಕೊಂಡಿರುತ್ತೆ. ನಾವು ಸೀನ್ ಓದಿದ ದಿನ ಹಾಗಾಗಿರಲಿಲ್ಲವಲ್ಲ. ಅಲ್ಲಿ ತೆಗಿ, ಗೊತ್ತಿರುವವರು ತಾವೇ ನಗ್ತಾರೆ ಅಂದೆ. ಅವನು ತೆಗೆದು, ಆ ನಗುವನ್ನು ಫೋರ್ಕ್ ಬೀಳುವ ಜಾಗಕ್ಕೆ ಅಂಟಿಸಿದ. ದಂಡ ಆಗಬಾರದಲ್ಲ.

ಎಪಿಸೋಡ್ ಟೀವಿಯಲ್ಲಿ ಬಂದ ದಿನ ಅಪ್ಪನ ಜೊತೆ ಕೂತು ನೋಡಿದೆ. ಫೋರ್ಕ್ ಬಿದ್ದಾಗ ಅಪ್ಪ ನಕ್ಕರು. ಮೇಷ್ಟ್ರು ಮೆನು ಮುಚ್ಚಿದಾಗ ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಟೀವಿಯಿಂದ ಕಣ್ಣು ತೆಗೆಯದೆ, "ಕಾಲೇಜಿನವರೆಲ್ಲ ಎಲ್ಲಿಗೋ ಹೋಗಿದ್ರಲ್ಲ, ನೀನು ಹೋಗಲಿಲ್ಲ ಅಲ್ವಾ" ಅಂದರು.

"ಹೂಂ" ಅಂದೆ.

"ಎಷ್ಟು ಕೇಳಿದ್ರು ಆಗ?"

ನೆನಪಿಲ್ಲ ಅಂದೆ.