ಹಳೆಯ ಮರದ ಬೋಟಿಗೆ ಹೊಸ ಡೀಸೆಲ್ ಎಂಜಿನ್ ಕೂರಿಸುವ ಕ್ರಮ

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧವೇ ಕಾರವಾರದ ಬೈತಖೋಲದಿಂದ ತದಡಿ, ಹೊನ್ನಾವರ, ಭಟ್ಕಳದವರೆಗಿನ ಯಾಂತ್ರೀಕೃತ ಬೋಟುಗಳಿಗೆ ದೊಡ್ಡ ದುರಸ್ತಿಯ ಕಾಲ. ಎಂಜಿನ್ ಬದಲಿಸುವ ಯೋಚನೆಯಿದ್ದವರು ಮಾತ್ರ ಆ ಕೆಲಸವನ್ನು ಜೂನ್ ತಿಂಗಳಿಗೆ ಕಾಯಿಸದೆ, ಬೋಟು ಇನ್ನೂ ನೀರಿನಲ್ಲಿ ಓಡುತ್ತಿರುವ ಮೇ ತಿಂಗಳಲ್ಲೇ ಅಳತೆಯಿಂದ ಆರಂಭಿಸುವುದು ಒಳ್ಳೆಯದು. ಇಲ್ಲಿ 32 ಅಡಿ ಆಸುಪಾಸಿನ ಮರದ ಬೋಟನ್ನು ಕಣ್ಣಮುಂದಿಟ್ಟುಕೊಂಡು ಬರೆದಿದ್ದೇನೆ. ಎಂಜಿನ್ ಜೋಡಿಸಿದ ಹಾಯಿದೋಣಿಗೂ ಕ್ರಮ ಇದೇ. ಅಲ್ಲಿ ಎಂಜಿನ್ ಹೊರಬರುವ ದಾರಿ ಇನ್ನಷ್ಟು ಇಕ್ಕಟ್ಟಾಗಿರುತ್ತದೆ, ಅಷ್ಟೆ.

ಮೊದಲ ಪ್ರಶ್ನೆ ಅಶ್ವಶಕ್ತಿಯದು. ಪಕ್ಕದ ಬೋಟಿನವರು ದೊಡ್ಡ ಎಂಜಿನ್ ಹಾಕಿಸಿದರೆಂದು ನಾವೂ ಹಾಕಿಸುವ ಆಸೆ ದಕ್ಕೆಯ (ಬೋಟು ಕಟ್ಟುವ ಕಟ್ಟೆಯ) ಮೇಲೆ ಬೇಗ ಹಬ್ಬುತ್ತದೆ. ಆದರೆ ನೀರನ್ನು ಸೀಳಿಕೊಂಡು ಹೋಗುವ ಇಂಥ ಬೋಟಿನ ವೇಗಕ್ಕೆ ಅದರ ಉದ್ದವೇ ಮಿತಿ ಹಾಕುತ್ತದೆ. ನೀರಿನ ಮಟ್ಟದಲ್ಲಿ 30 ಅಡಿ ಉದ್ದವಿರುವ ಬೋಟಿಗೆ ಆ ಮಿತಿ ಸುಮಾರು 7.3 ನಾಟ್, ಅಂದರೆ ಗಂಟೆಗೆ ಸುಮಾರು 13.5 ಕಿಲೋಮೀಟರ್. ಅದನ್ನು ಮೀರಿಸಲು ಸುರಿಯುವ ಡೀಸೆಲ್ ಬಹುಪಾಲು ಹಿಂದೆ ಏಳುವ ಅಲೆಗೇ ಹೋಗುತ್ತದೆ. ನೀರಿನಡಿಯಲ್ಲಿ ತಿರುಗಿ ಬೋಟನ್ನು ಮುಂದೂಡುವ ಫ್ಯಾನಿಗೆ (ಪ್ರೊಪೆಲ್ಲರ್) ಬೇಕಾಗುವ ಶಕ್ತಿ ಸುತ್ತಿನ ಘನದ ಲೆಕ್ಕದಲ್ಲಿ ಏರುವುದರಿಂದ, ಪೂರ್ಣ ವೇಗದ ಶೇ 80ರಷ್ಟು ಸುತ್ತಿನಲ್ಲಿ ಅರ್ಧ ಶಕ್ತಿಯೇ ಸಾಕಾಗುತ್ತದೆ. ಬಲೆ ಎಳೆಯುವ ಬೋಟಿಗೆ ಬೇಕಾದದ್ದು ವೇಗವಲ್ಲ, ಎಳೆತ. ಅದು ದೊಡ್ಡ ವ್ಯಾಸದ ಫ್ಯಾನನ್ನು ನಿಧಾನವಾಗಿ ತಿರುಗಿಸುವ ಗೇರ್ ಅನುಪಾತದಿಂದ ಬರುತ್ತದೆ. ಆದ್ದರಿಂದ ಎಂಜಿನ್, ಗೇರ್ ಬಾಕ್ಸ್ ಮತ್ತು ಫ್ಯಾನ್ ಮೂರನ್ನೂ ಒಟ್ಟಿಗೇ ಲೆಕ್ಕ ಹಾಕಿಸಬೇಕು. ಹೊಸ ಗೇರ್ ಬಾಕ್ಸ್, ಫ್ಯಾನಿಗೆ ಜೋಡಿಸಿದ ಉದ್ದನೆಯ ಸರಳಾದ ಶಾಫ್ಟನ್ನು ಯಾವ ದಿಕ್ಕಿಗೆ ತಿರುಗಿಸುತ್ತದೆ ಎಂಬುದನ್ನೂ ಆಗಲೇ ಕೇಳಿಕೊಳ್ಳಬೇಕು. ದಿಕ್ಕು ಬದಲಾದರೆ ಹಳೆಯ ಫ್ಯಾನ್ ಉಪಯೋಗಕ್ಕೆ ಬರುವುದಿಲ್ಲ.

ಬಳಿಕ ಅಳತೆ. ಶಾಫ್ಟಿನ ನಡುಗೆರೆಯನ್ನು ಎಂಜಿನ್ ಕೋಣೆಯ ಮುಂದಿನ ಗೋಡೆಯವರೆಗೆ ಒಂದು ಬಿಗಿಯಾದ ದಾರದಲ್ಲಿ ಎಳೆದುಕೊಂಡು, ಆ ದಾರದಿಂದ ಎಂಜಿನ್ ಕೂರುವ ಎರಡು ದಿಮ್ಮಿಗಳಿಗೆ ಇರುವ ಎತ್ತರ, ದಿಮ್ಮಿಗಳ ನಡುವಿನ ಅಗಲ, ತಳದವರೆಗಿನ ಆಳ ಎಲ್ಲವನ್ನೂ ಬರೆದುಕೊಳ್ಳಬೇಕು. ಹೊಸ ಎಂಜಿನ್ನಿನ ನಕ್ಷೆಯ ಅಳತೆಗೆ ಸರಿಯಾಗಿ ಪ್ಲೈವುಡ್ಡಿನಲ್ಲಿ ಒಂದು ಪೊಳ್ಳು ಮಾದರಿ ಮಾಡಿಸಿ, ಅದನ್ನು ಡೆಕ್ಕಿನ ಬಾಗಿಲಿನಿಂದ ಒಳಗಿಳಿಸಿ ನೋಡುವುದು ನನ್ನ ಅಭಿಪ್ರಾಯದಲ್ಲಿ ಇಡೀ ಕೆಲಸದಲ್ಲೇ ಅತ್ಯಂತ ಲಾಭದ ಖರ್ಚು. ಆಯಿಲ್ ಫಿಲ್ಟರಿಗೆ ಕೈ ಹೋಗುತ್ತದೆಯೇ, ನೀರಿನ ಪಂಪಿನ ಮುಚ್ಚಳ ಬಿಚ್ಚಲು ಜಾಗವಿದೆಯೇ, ಆಯಿಲ್ ಚೇಂಬರ್ ತಳದ ಮರಕ್ಕೆ ತಾಗುತ್ತದೆಯೇ ಎಂಬುದೆಲ್ಲ ಮಾದರಿಯಲ್ಲೇ ತಿಳಿದುಹೋಗುತ್ತದೆ.

ಹಳೆಯ ಎಂಜಿನ್ ಬಿಚ್ಚುವ ಮೊದಲು ಪ್ರತಿ ಪೈಪು, ವಯರುಗಳ ಫೋಟೊ ತೆಗೆದು ಚೀಟಿ ಕಟ್ಟಬೇಕು. ಬ್ಯಾಟರಿ ಕಳಚಿ, ಸಮುದ್ರದ ನೀರು ಒಳಬರುವ ವಾಲ್ವ್ ಮುಚ್ಚಿ, ಡೀಸೆಲ್ ಕಾಕ್ ಬಂದ್ ಮಾಡಿ, ಆಯಿಲ್ ಮತ್ತು ತಂಪುನೀರನ್ನು ಡಬ್ಬಗಳಿಗೆ ಹೀರಿ ತೆಗೆಯಬೇಕು. ಹಳೆಯ ಆಯಿಲ್ ಬಂದರಿನ ನೀರಿಗೆ ಬೀಳಬಾರದು. ಗೇರ್ ಬಾಕ್ಸನ್ನೂ ಶಾಫ್ಟನ್ನೂ ಬೋಲ್ಟುಗಳಿಂದ ಕೂಡಿಸುವ ಬಿಲ್ಲೆಗಳಾದ ಕಪ್ಲಿಂಗ್ ಬಿಚ್ಚಿದ ಮೇಲೆ ಶಾಫ್ಟು ಹಿಂದಕ್ಕೆ ಜಾರದಂತೆ ಅದಕ್ಕೊಂದು ಕ್ಲಾಂಪ್ ಬಿಗಿಯುವುದನ್ನು ಮರೆಯುವವರೇ ಹೆಚ್ಚು. ಆರು ಸಿಲಿಂಡರಿನ ಹಳೆಯ ಎಂಜಿನ್ ಗೇರ್ ಬಾಕ್ಸ್ ಸಹಿತ ಅರ್ಧ ಟನ್ ದಾಟುವುದು ಸಾಮಾನ್ಯವಾದ್ದರಿಂದ, ಸ್ಟಾರ್ಟರ್, ಆಲ್ಟರ್ನೇಟರ್, ಗೇರ್ ಬಾಕ್ಸ್ ಇವನ್ನು ಮೊದಲೇ ಬಿಚ್ಚಿ ಭಾರ ಇಳಿಸಿಕೊಳ್ಳುವುದು ಕ್ಷೇಮ. ಮೇಲೆತ್ತಲು ಚೈನ್ ಬ್ಲಾಕ್ ಸಾಕು. ಅದನ್ನು ತೂಗುಹಾಕುವ ತೊಲೆಯ ಕಾಲುಗಳು ಡೆಕ್ಕಿನ ಹಲಗೆಯ ಮೇಲಲ್ಲ, ಕೆಳಗಿನ ಅಡ್ಡತೊಲೆಗಳ ನೇರಕ್ಕೆ ನಿಲ್ಲಬೇಕು. ದಕ್ಕೆಯಿಂದ ಕ್ರೇನಿನಲ್ಲಿ ಎತ್ತುವುದಾದರೆ ಭರತ ಏರಿ ನೀರು ನಿಂತ ಹೊತ್ತನ್ನೇ ಆರಿಸಿಕೊಳ್ಳಬೇಕು. ಕ್ರೇನಿನ ಕೊಂಡಿ ಅಲ್ಲಾಡದೆ ನಿಂತಿರುತ್ತದೆ, ಬೋಟು ಮಾತ್ರ ಅಲೆಗೆ ಏರಿಳಿಯುತ್ತದೆ. ಆ ಹೊತ್ತಿನಲ್ಲಿ ಎಂಜಿನ್ ಮತ್ತು ಬಾಗಿಲ ಚೌಕಟ್ಟಿನ ನಡುವೆ ಯಾರೂ ಕೈಯಿಡಬಾರದು.

ಖಾಲಿಯಾದ ಕೋಣೆಯನ್ನು ತೊಳೆದು, ದಿಮ್ಮಿಗಳನ್ನು ಉದ್ದಕ್ಕೂ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಬೇಕು. ವರ್ಷಗಟ್ಟಲೆ ಆಯಿಲ್ ಕುಡಿದ ಮರ ಹೊರಗೆ ಗಟ್ಟಿಯಾಗಿ ಕಂಡರೂ ಬೋಲ್ಟಿನ ತೂತುಗಳ ಸುತ್ತ ಮೆತ್ತಗಾಗಿರುತ್ತದೆ. ಮೆತ್ತಗಾದ ಭಾಗಕ್ಕೆ ತೇಪೆ ಹಾಕುವ ಬದಲು ಬಡಗಿಯಿಂದ ಇಡೀ ದಿಮ್ಮಿಯನ್ನು ಬದಲಿಸಿಕೊಳ್ಳಬೇಕು. ಡೀಸೆಲ್ ಟ್ಯಾಂಕಿನ ತಳದ ಕೆಸರು, ಸ್ಟರ್ನ್ ಟ್ಯೂಬಿನ (ಶಾಫ್ಟು ಬೋಟಿನಿಂದ ಹೊರಹೋಗುವ ಕೊಳವೆಯ) ಬೇರಿಂಗ್, ಅಲ್ಲಿ ನೀರು ಒಳನುಗ್ಗದಂತೆ ತಡೆಯುವ ಗ್ಲ್ಯಾಂಡ್ ಪ್ಯಾಕಿಂಗ್ ಇವುಗಳಿಗೆ ಇಷ್ಟು ಸಲೀಸಾಗಿ ಕೈ ಎಟುಕುವ ಸಂದರ್ಭ ಮತ್ತೆ ಬಾರದು.

ಹೊಸ ಎಂಜಿನ್ನನ್ನು ರಬ್ಬರ್ ಮೌಂಟುಗಳ ಮೇಲೆ ಇಳಿಸಿ, ನಾಲ್ಕರ ಮೇಲೂ ಭಾರ ಹೊಂದಿಕೊಳ್ಳಲು ಒಂದೆರಡು ದಿನ ಹಾಗೆಯೇ ಬಿಡಬೇಕು. ಆಮೇಲೆ ಬರುವುದು ಸಾಲು ಹೊಂದಿಸುವ, ಅಂದರೆ ಎಂಜಿನ್ನನ್ನು ಶಾಫ್ಟಿನ ನೇರಕ್ಕೆ ತರುವ ಕೆಲಸ. ನನ್ನ ಮಟ್ಟಿಗೆ ಎಂಜಿನ್ ಬದಲಿಸುವುದೆಂದರೆ ಇದೇ, ಉಳಿದದ್ದೆಲ್ಲ ಭಾರ ಹೊರುವ ಕೆಲಸ. ಸ್ಟರ್ನ್ ಟ್ಯೂಬಿನಿಂದ ಒಳಗೆ ಚಾಚಿದ ಶಾಫ್ಟು ತನ್ನ ಭಾರಕ್ಕೇ ಸ್ವಲ್ಪ ಜೋತುಬಿದ್ದಿರುವುದರಿಂದ, ಚಾಚಿದ ಭಾಗದ ಅರ್ಧ ತೂಕ ಮತ್ತು ಕಪ್ಲಿಂಗಿನ ಪೂರ್ತಿ ತೂಕ ಕೂಡಿದಷ್ಟನ್ನು ತೂಗುತಕ್ಕಡಿಯಿಂದ ಮೇಲಕ್ಕೆಳೆದು ಹಿಡಿದಾಗಲೇ ಅದರ ನಿಜವಾದ ನಡುಗೆರೆ ಸಿಗುತ್ತದೆ. ಮೊದಲು ಎರಡು ಕಪ್ಲಿಂಗುಗಳ ನಡುಬಿಂದು ಒಂದಾಗಬೇಕು. ಅನಂತರ ಮುಖಗಳ ನಡುವಿನ ಸಂದಿಯನ್ನು ಮೇಲೆ, ಕೆಳಗೆ, ಎರಡು ಬದಿಗಳಲ್ಲಿ ಫೀಲರ್ ಗೇಜಿನಿಂದ (ಸಂದಿ ಅಳೆಯುವ ತೆಳು ಲೋಹದ ಪಟ್ಟಿಗಳು) ಅಳೆಯಬೇಕು. 5 ಇಂಚು ವ್ಯಾಸದ ಕಪ್ಲಿಂಗಿನಲ್ಲಿ ಈ ಅಳತೆಗಳ ವ್ಯತ್ಯಾಸ 0.005 ಇಂಚು, ಅಂದರೆ ಸುಮಾರು 0.13 ಮಿಲಿಮೀಟರ್ ಮೀರಬಾರದು. ಸಂದಿ ಮೇಲ್ಗಡೆ ಹೆಚ್ಚಿದ್ದರೆ ಎಂಜಿನ್ನಿನ ಮುಂಭಾಗವನ್ನು ಏರಿಸಬೇಕು, ಕೆಳಗಡೆ ಹೆಚ್ಚಿದ್ದರೆ ಇಳಿಸಬೇಕು. ಶಾಫ್ಟನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಅಳೆದಾಗ ಹೆಚ್ಚಿನ ಸಂದಿಯೂ ಜೊತೆಗೆ ತಿರುಗಿದರೆ, ತಪ್ಪು ಎಂಜಿನ್ನಿನದಲ್ಲ, ಶಾಫ್ಟೋ ಕಪ್ಲಿಂಗೋ ಬಾಗಿದೆ ಎಂದರ್ಥ.

ದಡದಲ್ಲಿ ಮಾಡಿದ ಈ ಹೊಂದಾಣಿಕೆ ತಾತ್ಕಾಲಿಕ. ದಡದಲ್ಲಿ ಮರದ ಆಸರೆಗಳ ಮೇಲೆ ನಿಂತು ಒಣಗಿದ ಮರದ ಒಡಲು ನೀರಿಗಿಳಿದ ಮೇಲೆ ಹಿಗ್ಗಿ ತನ್ನ ಆಕಾರಕ್ಕೆ ಮರಳಲು ಕೆಲವು ದಿನ ತೆಗೆದುಕೊಳ್ಳುತ್ತದೆ. ಟ್ಯಾಂಕಿನಲ್ಲಿ ಎಂದಿನಷ್ಟು ಡೀಸೆಲ್ ತುಂಬಿಸಿ, ಬೋಟು ತೇಲುತ್ತಿರುವಾಗ ಮತ್ತೊಮ್ಮೆ ಅಳೆದ ನಂತರವೇ ಕಪ್ಲಿಂಗ್ ಬೋಲ್ಟುಗಳನ್ನು ಬಿಗಿಯಬೇಕು. ಆಗಸ್ಟ್ 1ರಂದೇ ಕಡಲಿಗಿಳಿಯುವ ಅವಸರದಲ್ಲಿ ತಾಂಡೇಲರು (ಬೋಟು ನಡೆಸುವವರು) ಕೈಬಿಡುವುದು ಇದನ್ನೇ. ಸಾಲು ತಪ್ಪಿದ ಶಾಫ್ಟು ಬೇರಿಂಗನ್ನೂ ಗೇರ್ ಬಾಕ್ಸಿನ ಸೀಲನ್ನೂ ಒಂದೇ ಹಂಗಾಮಿನಲ್ಲಿ ತಿಂದುಹಾಕಬಲ್ಲದು.

ಉಳಿದ ಜೋಡಣೆಗಳಲ್ಲಿ ಒಂದಕ್ಕೆ ವಿಶೇಷ ಗಮನ ಬೇಕು: ಸಮುದ್ರದ ನೀರನ್ನು ಹೊಗೆಯೊಂದಿಗೆ ಹೊರಬಿಡುವ ವ್ಯವಸ್ಥೆಯಿದ್ದು, ನೀರು ಸೇರುವ ಜಾಗ ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಆ ನೀರಿನ ಪೈಪನ್ನು ಮಟ್ಟಕ್ಕಿಂತ ಮೇಲೆ ಕಮಾನಿನಂತೆ ಬಾಗಿಸಿ, ಕಮಾನಿನ ನೆತ್ತಿಗೆ ಗಾಳಿಯ ವಾಲ್ವ್ ಕೂರಿಸಬೇಕು. ಇಲ್ಲದಿದ್ದರೆ ನಿಂತ ಎಂಜಿನ್ನಿನ ಸಿಲಿಂಡರುಗಳಿಗೇ ಉಪ್ಪುನೀರು ಇಳಿಯಬಹುದು. ಡೀಸೆಲ್ ದಾರಿಯಲ್ಲಿ ನೀರು ಬೇರ್ಪಡಿಸುವ ಫಿಲ್ಟರ್ ಇರಲಿ. ಚಾಲೂ ಮಾಡುವ ಮುನ್ನ ಆ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯಬೇಕು.

ಪರೀಕ್ಷೆಯ ಓಟದಲ್ಲಿ ಪೂರ್ಣ ಥ್ರಾಟಲಿಗೆ ಎಂಜಿನ್ ತನ್ನ ನಿಗದಿತ ಸುತ್ತು ಮುಟ್ಟದೆ ಕಪ್ಪು ಹೊಗೆ ಬಿಟ್ಟರೆ ಫ್ಯಾನ್ ಭಾರವಾಯಿತೆಂದೇ ಮೊದಲ ಅನುಮಾನ. ಅದರ ಅಲಗುಗಳ ಓರೆಯನ್ನು ತಗ್ಗಿಸಿಕೊಳ್ಳಬೇಕು. ಗ್ಲ್ಯಾಂಡಿನಿಂದ ಶಾಫ್ಟು ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ನೀರು ಬೀಳುವುದು ದೋಷವಲ್ಲ, ಪೂರಾ ಬಿಗಿದರೆ ಪ್ಯಾಕಿಂಗ್ ಸುಟ್ಟುಹೋಗುತ್ತದೆ. ಹೊಸ ಎಂಜಿನ್ ಸಂಖ್ಯೆ ಮತ್ತು ಅಶ್ವಶಕ್ತಿಯನ್ನು ಮೀನುಗಾರಿಕೆ ಇಲಾಖೆಯಲ್ಲಿ ಬೋಟಿನ ನೋಂದಣಿ ದಾಖಲೆಗೆ ಸೇರಿಸಿಕೊಳ್ಳಬೇಕು. ಮೊದಲ 50 ಗಂಟೆಗಳ ಓಟ ಮುಗಿದಾಗ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಮೌಂಟುಗಳ ನಟ್ ನೋಡಿಕೊಂಡು, ಕಪ್ಲಿಂಗ್ ಬಿಚ್ಚಿ ಫೀಲರ್ ಗೇಜನ್ನು ಇನ್ನೊಮ್ಮೆ ಸುತ್ತ ಹಾಯಿಸಬೇಕು.